ದೊಡ್ಡ ಬೆಕ್ಕುಗಳು ಮತ್ತು ಅವುಗಳ ಉಳಿವು: ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿ-ಧಾರವಾಡ, ಗದಗ ಮತ್ತು ಹಾವೇರಿ ಭಾಗದ ಶಾಲೆ-ಕಾಲೇಜುಗಳಲ್ಲಿ, ರೈತರ ಸಭೆಗಳಲ್ಲಿ, ಒಮ್ಮೊಮ್ಮೆ ಚಹಾದಂಗಡಿಯ ಮುಂದೆಯೂ ಕಾಡುಪ್ರಾಣಿಗಳ ಮಾತು ಬಂದಾಗ ಏಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿ ಉತ್ತರಿಸಲಾಗಿದೆ. ಹುಲಿಯ ಬಗ್ಗೆ ಕೇಳುವವರೇ ಹೆಚ್ಚು. ಆದರೆ ಈ ಜಿಲ್ಲೆಗಳ ಮಟ್ಟಿಗೆ ನಮ್ಮ ಹೊಲದ ಬದುವಿನವರೆಗೂ ಬರುವ ದೊಡ್ಡ ಬೆಕ್ಕು ಚಿರತೆಯಾದ್ದರಿಂದ ಉತ್ತರಗಳು ಆ ಕಡೆಗೆ ತುಸು ಹೆಚ್ಚಾಗಿಯೇ ವಾಲಿವೆ.

ದೊಡ್ಡ ಬೆಕ್ಕುಗಳೆಂದರೆ ಯಾವ ಯಾವ ಪ್ರಾಣಿಗಳು?

ಪ್ರಾಣಿಶಾಸ್ತ್ರದ ಬಿಗಿಯಾದ ಅರ್ಥದಲ್ಲಿ ಪ್ಯಾಂಥೆರಾ ಎಂಬ ಕುಲಕ್ಕೆ ಸೇರಿದ ಹುಲಿ, ಸಿಂಹ, ಚಿರತೆ, ಜಾಗ್ವಾರ್ ಮತ್ತು ಹಿಮ ಚಿರತೆ ಎಂಬ ಐದು ಪ್ರಾಣಿಗಳು ಮಾತ್ರ ದೊಡ್ಡ ಬೆಕ್ಕುಗಳು. ಮೊದಲ ನಾಲ್ಕರ ಧ್ವನಿಪೆಟ್ಟಿಗೆಯ ರಚನೆ ಗರ್ಜನೆಗೆ ಹೊಂದುವಂಥದು. ಹಿಮ ಚಿರತೆ ಇದೇ ಕುಲದ್ದಾದರೂ ಗರ್ಜಿಸುವುದಿಲ್ಲ. ರೂಢಿಯಲ್ಲಿ ಚೀತಾ ಮತ್ತು ಪೂಮಾಗಳನ್ನೂ ಈ ಪಟ್ಟಿಗೆ ಸೇರಿಸುತ್ತಾರೆ. ಹುಲಿ ಯೋಜನೆಗೆ 50 ವರ್ಷ ತುಂಬಿದ ಸಂದರ್ಭದಲ್ಲಿ, 2023ರ ಏಪ್ರಿಲ್ 9ರಂದು, ಮೈಸೂರಿನಲ್ಲಿ ಘೋಷಿಸಲಾದ ಅಂತರರಾಷ್ಟ್ರೀಯ ಬಿಗ್ ಕ್ಯಾಟ್ ಒಕ್ಕೂಟವೂ ಇದೇ ಏಳು ಪ್ರಾಣಿಗಳನ್ನು ತನ್ನ ವ್ಯಾಪ್ತಿಗೆ ತೆಗೆದುಕೊಂಡಿದೆ. ಈ ಏಳರಲ್ಲಿ ಜಾಗ್ವಾರ್ ಮತ್ತು ಪೂಮಾ ಅಮೆರಿಕ ಖಂಡಗಳಿಗೆ ಸೇರಿದವು. ಉಳಿದ ಐದೂ ಇಂದು ಭಾರತದಲ್ಲಿವೆ.

ಹುಲಿ ದೊಡ್ಡದೋ, ಸಿಂಹ ದೊಡ್ಡದೋ? ಎರಡೂ ಕಾದಾಡಿದರೆ ಗೆಲ್ಲುವುದು ಯಾವುದು?

ಗಾತ್ರದಲ್ಲಿ ಹುಲಿಯೇ ದೊಡ್ಡದು. ನಮ್ಮ ದೇಶದ ಬಲಿತ ಗಂಡು ಹುಲಿ ಸಾಮಾನ್ಯವಾಗಿ 180ರಿಂದ 260 ಕಿಲೋ ತೂಗಿದರೆ, ಗಂಡು ಸಿಂಹ 150ರಿಂದ 250 ಕಿಲೋ ತೂಗುತ್ತದೆ. ಕಾದಾಟದ ಪ್ರಶ್ನೆಗೆ ಕಾಡಿನಲ್ಲಿ ಅರ್ಥವಿಲ್ಲ. ಇಂದು ಅವೆರಡೂ ಒಂದೇ ಕಾಡಿನಲ್ಲಿ ಎಲ್ಲಿಯೂ ಬದುಕಿಲ್ಲ.

ಕದಂಬರ ಲಾಂಛನ ಸಿಂಹ, ನಮ್ಮ ಗುಡಿಗಳಲ್ಲೆಲ್ಲ ಸಿಂಹದ ಕೆತ್ತನೆ. ಹಾಗಾದರೆ ಇಲ್ಲಿ ಸಿಂಹಗಳಿದ್ದವೇ?

ಇದ್ದುದಕ್ಕೆ ಆಧಾರವಿಲ್ಲ. ಚರಿತ್ರೆಯ ಕಾಲದಲ್ಲಿ ಭಾರತದ ಸಿಂಹಗಳ ನೆಲೆ ವಾಯವ್ಯ, ಉತ್ತರ ಮತ್ತು ಮಧ್ಯ ಭಾರತಕ್ಕೆ ಸೀಮಿತವಾಗಿದ್ದು, ದಕ್ಷಿಣದಲ್ಲಿ ನರ್ಮದೆಯ ಆಸುಪಾಸಿಗೆ ಮುಗಿಯುತ್ತಿತ್ತು. ಹಾನಗಲ್ಲಿನಲ್ಲಾಗಲಿ ಲಕ್ಕುಂಡಿಯಲ್ಲಾಗಲಿ ಕಾಣುವ ಸಿಂಹಗಳು ಶಿಲ್ಪಿಗಳ ಪರಂಪರೆಯಿಂದ ಬಂದವು. ಅವುಗಳ ಗುಂಗುರು ಕೇಸರವನ್ನೂ ಅಗಲವಾದ ಕಣ್ಣುಗಳನ್ನೂ ನೋಡಿದರೆ, ಕೆತ್ತಿದವರು ಜೀವಂತ ಸಿಂಹವನ್ನು ನೋಡಿ ಕೆತ್ತಿದ್ದಲ್ಲವೆಂದು ಊಹಿಸುವುದು ಕಷ್ಟವಲ್ಲ.

ಚಿರತೆ, ಚೀತಾ, ಜಾಗ್ವಾರ್‌ಗಳನ್ನು ಬೇರೆ ಬೇರೆಯಾಗಿ ಗುರುತಿಸುವುದು ಹೇಗೆ?

ಮೈಮೇಲಿನ ಗುರುತುಗಳನ್ನು ನೋಡಬೇಕು. ಚೀತಾದ ಮೈಮೇಲೆ ಗಟ್ಟಿಯಾದ ಕಪ್ಪು ಚುಕ್ಕೆಗಳಿದ್ದು, ಕಣ್ಣಿನ ಒಳಮೂಲೆಯಿಂದ ಬಾಯಿಯವರೆಗೆ ಕಣ್ಣೀರು ಇಳಿದಂತೆ ಕಪ್ಪು ಗೆರೆಯೊಂದು ಇರುತ್ತದೆ. ಚಿರತೆಯ ಮೈಮೇಲೆ ಇರುವುದು ಬಿಡಿ ಚುಕ್ಕೆಗಳಲ್ಲ, ನಡುವೆ ಖಾಲಿಯಿರುವ ಉಂಗುರದಂಥ ಗುಚ್ಛಗಳು. ಜಾಗ್ವಾರ್‌ನ ಉಂಗುರಗಳು ಇನ್ನೂ ದೊಡ್ಡವಾಗಿದ್ದು ಅವುಗಳ ನಡುವೆ ಒಂದೆರಡು ಸಣ್ಣ ಚುಕ್ಕೆಗಳಿರುತ್ತವೆ. ಮೈಕಟ್ಟಿನಲ್ಲಿ ಚೀತಾ ಸಪೂರ, ಉದ್ದ ಕಾಲಿನದು. ಓಟಕ್ಕೇ ಹೇಳಿಮಾಡಿಸಿದ ದೇಹ ಅದರದು. ಜಾಗ್ವಾರ್ ಗಿಡ್ಡ, ದಪ್ಪ ತಲೆಯದು. ಬೇಟೆಯ ತಲೆಬುರುಡೆಯನ್ನೇ ಕಚ್ಚಿ ಕೊಲ್ಲಬಲ್ಲಷ್ಟು ದವಡೆಯ ಬಲ ಅದಕ್ಕಿದೆ. ಚಿರತೆ ಇವೆರಡರ ನಡುವಿನದು. ಪತ್ರಿಕೆಗಳಲ್ಲಿ ಹೊಲಕ್ಕೆ ನುಗ್ಗಿದ ಚಿರತೆಯ ಸುದ್ದಿಯ ಪಕ್ಕದಲ್ಲಿ ಆಫ್ರಿಕದ ಚೀತಾದ ಚಿತ್ರ ಅಚ್ಚಾಗುವುದು ಇಂದಿಗೂ ನಿಂತಿಲ್ಲ. ಆ ಕಪ್ಪು ಕಣ್ಣೀರಿನ ಗೆರೆ ಕಂಡರೆ ಚಿತ್ರ ತಪ್ಪೆಂದು ತಿಳಿಯಬಹುದು.

ದಾಂಡೇಲಿಯ ಕರಿ ಚಿರತೆ ಬೇರೆ ಜಾತಿಯೇ?

ಅಲ್ಲ, ಅದೂ ಚಿರತೆಯೇ. ಮೈಯಲ್ಲಿ ಕಪ್ಪು ವರ್ಣದ್ರವ್ಯ ಹೆಚ್ಚಾಗಿ ಹಾಗೆ ಕಾಣುತ್ತದೆ. ಓರೆ ಬಿಸಿಲಿನಲ್ಲಿ ನೋಡಿದರೆ ಕಪ್ಪಿನೊಳಗೇ ಮಸುಕಾದ ಉಂಗುರಗಳು ಕಾಣುತ್ತವೆ. ಚಿರತೆಗಳಲ್ಲಿ ಈ ಗುಣ ಅಪ್ರಬಲವಾದ್ದರಿಂದ ತಂದೆ, ತಾಯಿ ಇಬ್ಬರಿಂದಲೂ ಬಂದಾಗ ಮಾತ್ರ ಮರಿ ಕಪ್ಪಾಗುತ್ತದೆ. ಆದ್ದರಿಂದ ಒಂದೇ ಸೂಲಿನಲ್ಲಿ ಕಪ್ಪು ಮರಿಯೂ ಹಳದಿ ಮರಿಯೂ ಹುಟ್ಟಬಹುದು. ಜಾಗ್ವಾರ್‌ಗಳಲ್ಲಿ ಇದು ತದ್ವಿರುದ್ಧ, ಅಲ್ಲಿ ಕಪ್ಪು ಪ್ರಬಲ ಗುಣ. ಮಳೆಕಾಡಿನ ಮಬ್ಬಿನಲ್ಲಿ ಕಪ್ಪು ಬಣ್ಣ ಮರೆಯಾಗಲು ಅನುಕೂಲವಾದ್ದರಿಂದ ಪಶ್ಚಿಮಘಟ್ಟದಲ್ಲಿ ಇಂಥವು ಹೆಚ್ಚು ಕಾಣುತ್ತವೆ. ಬಯಲುಸೀಮೆಯ ಗುಡ್ಡಗಳಲ್ಲಿ ತೀರ ಅಪರೂಪ.

ಯಾವ ಪ್ರಾಣಿ ಎಷ್ಟು ಅಪಾಯದಲ್ಲಿದೆ ಎಂದು ತೀರ್ಮಾನಿಸುವವರು ಯಾರು, ಹೇಗೆ?

ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟ, ಅಂದರೆ ಐಯುಸಿಎನ್, ಪ್ರಕಟಿಸುವ ಕೆಂಪು ಪಟ್ಟಿ ಇದಕ್ಕೆ ಜಗತ್ತಿನಾದ್ಯಂತ ಒಪ್ಪಿತವಾದ ಅಳತೆ. ಸಂಖ್ಯೆ ಎಷ್ಟಿದೆ ಎಂಬುದಕ್ಕಿಂತಲೂ ಅದು ಯಾವ ವೇಗದಲ್ಲಿ ಕುಸಿದಿದೆ, ನೆಲೆ ಎಷ್ಟು ಕುಗ್ಗಿದೆ, ಮರಿ ಹಾಕಬಲ್ಲ ಬಲಿತ ಪ್ರಾಣಿಗಳೆಷ್ಟು ಎಂಬುದಕ್ಕೆ ಅಲ್ಲಿ ಹೆಚ್ಚು ತೂಕ. ಉದಾಹರಣೆಗೆ, ಹತ್ತು ವರ್ಷ ಅಥವಾ ಮೂರು ತಲೆಮಾರುಗಳಲ್ಲಿ (ಯಾವುದು ಹೆಚ್ಚೋ ಅದು) ಸಂಖ್ಯೆ ಶೇ. 30ರಷ್ಟು ಕುಸಿದಿದ್ದರೆ ಆ ಪ್ರಾಣಿ ‘ದುರ್ಬಲ’ ವರ್ಗಕ್ಕೂ, ಶೇ. 50ರಷ್ಟು ಕುಸಿದಿದ್ದರೆ ‘ಅಪಾಯದಂಚಿನ’ ವರ್ಗಕ್ಕೂ, ಶೇ. 80ರಷ್ಟು ಕುಸಿದಿದ್ದರೆ ‘ತೀವ್ರ ಅಪಾಯದಂಚಿನ’ ವರ್ಗಕ್ಕೂ ಸೇರುತ್ತದೆ.

ಈ ಪಟ್ಟಿಯಲ್ಲಿ ಹುಲಿ ಅಪಾಯದಂಚಿನಲ್ಲಿದೆ. ಸಿಂಹ, ಚಿರತೆ, ಹಿಮ ಚಿರತೆ ಮತ್ತು ಚೀತಾ ದುರ್ಬಲ ವರ್ಗದಲ್ಲಿವೆ. ಜಾಗ್ವಾರ್ ಅಪಾಯದ ಸಮೀಪದಲ್ಲಿದ್ದರೆ, ಪೂಮಾ ಮಾತ್ರ ಸದ್ಯಕ್ಕೆ ಚಿಂತೆಯಿಲ್ಲದ ವರ್ಗದಲ್ಲಿದೆ. ಒಂದೇ ಪ್ರಾಣಿಯ ಉಪಜಾತಿಗಳ ಸ್ಥಿತಿ ಬೇರೆಯಾಗಿರಬಹುದೆಂಬುದನ್ನೂ ನೆನಪಿಡಬೇಕು: ಸುಮಾತ್ರಾದ ಹುಲಿ, ರಷ್ಯಾ-ಚೀನಾ ಗಡಿಯ ಆಮೂರ್ ಚಿರತೆ, ಅರೇಬಿಯದ ಚಿರತೆ, ಇರಾನಿನಲ್ಲಿ ಬೆರಳೆಣಿಕೆಯಷ್ಟು ಉಳಿದಿರುವ ಏಷ್ಯಾದ ಚೀತಾ ಇವೆಲ್ಲ ತೀವ್ರ ಅಪಾಯದಂಚಿನಲ್ಲಿವೆ.

ಭಾರತದಲ್ಲಿ ಹುಲಿಗಳು ಹೆಚ್ಚುತ್ತಲೇ ಇವೆಯಲ್ಲ, ಆದರೂ ಅಪಾಯದಂಚಿನಲ್ಲಿವೆ ಎನ್ನುವುದೇಕೆ?

ಹೆಚ್ಚಿರುವುದು ನಿಜ. ರಾಷ್ಟ್ರೀಯ ಅಂದಾಜಿನ ಪ್ರಕಾರ 2006ರಲ್ಲಿ 1,411 ಇದ್ದ ಹುಲಿಗಳು 2010ರಲ್ಲಿ 1,706, 2014ರಲ್ಲಿ 2,226, 2018ರಲ್ಲಿ 2,967, 2022ರಲ್ಲಿ 3,682 ಆದವು. ಕರ್ನಾಟಕದಲ್ಲಿ 2018ರ 524 ಹುಲಿಗಳು 2022ರಲ್ಲಿ 563ಕ್ಕೆ ಏರಿದವು. ಮಧ್ಯಪ್ರದೇಶದ 785ರ ನಂತರ ನಮ್ಮದೇ ಎರಡನೆಯ ಸ್ಥಾನ. ಜಗತ್ತಿನ ಕಾಡುಹುಲಿಗಳಲ್ಲಿ ಸುಮಾರು ಮೂರನೇ ಎರಡು ಭಾಗ ಭಾರತದಲ್ಲಿವೆ.

ಆದರೆ ಕೆಂಪು ಪಟ್ಟಿ ಇಡೀ ಜಗತ್ತಿನ ಲೆಕ್ಕ. ಜಾವಾ, ಬಾಲಿ ಮತ್ತು ಕ್ಯಾಸ್ಪಿಯನ್ ಹುಲಿಗಳು ಕಳೆದ ಶತಮಾನದಲ್ಲಿ ನಿರ್ನಾಮವಾದವು. ಕಾಂಬೋಡಿಯಾ, ಲಾವೋಸ್, ವಿಯೆಟ್ನಾಂ ಕಾಡುಗಳಲ್ಲಿ ಈಗ ಹುಲಿಯ ಸಂತತಿ ಉಳಿದಿಲ್ಲ. ಒಂದು ಕಾಲಕ್ಕೆ ಟರ್ಕಿಯಿಂದ ರಷ್ಯಾದ ಪೂರ್ವ ಕರಾವಳಿಯವರೆಗೆ ಹರಡಿದ್ದ ನೆಲೆಯಲ್ಲಿ ಹತ್ತನೆಯ ಒಂದು ಭಾಗಕ್ಕಿಂತಲೂ ಕಡಿಮೆ ಈಗ ಹುಲಿಗೆ ದಕ್ಕಿದೆ. ಜ್ವರ ಇಳಿದ ಮರುದಿನವೇ ರೋಗಿಯನ್ನು ಆಸ್ಪತ್ರೆಯಿಂದ ಕಳಿಸುವುದಿಲ್ಲವಷ್ಟೆ. ಅದೂ ಅಲ್ಲದೆ, ಗಳಿಸಿದ್ದು ಕೈಬಿಡಲು ಹೆಚ್ಚು ಕಾಲ ಬೇಕಿಲ್ಲ. ರಾಜಸ್ಥಾನದ ಸರಿಸ್ಕಾದಲ್ಲಿ ಹುಲಿ ಯೋಜನೆಯ ರಕ್ಷಣೆಯಿದ್ದೂ ಒಂದೂ ಹುಲಿ ಉಳಿದಿಲ್ಲವೆಂಬುದು 2005ರಲ್ಲಿ ಬಯಲಾಯಿತು, 2009ರಲ್ಲಿ ಪನ್ನಾದಲ್ಲಿಯೂ ಹಾಗೆಯೇ ಆಯಿತು. ಎರಡೂ ಕಡೆ ಬೇರೆ ಕಾಡುಗಳಿಂದ ಹುಲಿಗಳನ್ನು ತಂದು ಬಿಡಬೇಕಾಯಿತು. ನಮ್ಮದೇ ರಾಜ್ಯದ ಮಲೆ ಮಹದೇಶ್ವರ ಬೆಟ್ಟದಲ್ಲಿ 2025ರ ಜೂನ್‌ನಲ್ಲಿ ತಾಯಿ ಹುಲಿಯೂ ನಾಲ್ಕು ಮರಿಗಳೂ ವಿಷ ಬೆರೆತ ಹಸುವಿನ ಕಳೇಬರ ತಿಂದು ಒಟ್ಟಿಗೆ ಸತ್ತವು.

ಕಾಡಿನ ಹುಲಿಗಳನ್ನು ಎಣಿಸುವುದು ಸಾಧ್ಯವೇ? ಒಂದನ್ನೇ ಎರಡು ಸಲ ಎಣಿಸುವುದಿಲ್ಲವೇ?

ಪ್ರತಿ ಹುಲಿಯ ಪಟ್ಟೆಯೂ ಬೇರೆ. ಎಡಮೈಯ ಪಟ್ಟೆಗೂ ಬಲಮೈಯ ಪಟ್ಟೆಗೂ ಕೂಡ ಹೊಂದಿಕೆಯಿರುವುದಿಲ್ಲವಾದ್ದರಿಂದ ಕಾಡಿನ ಜಾಡಿನ ಎರಡೂ ಬದಿಗೆ ಕ್ಯಾಮೆರಾ ಕಟ್ಟಿ ಚಿತ್ರ ತೆಗೆಯುತ್ತಾರೆ. ಹಿಂದೆ ಹೆಜ್ಜೆಗುರುತನ್ನು ಅಳೆದು ಎಣಿಸುತ್ತಿದ್ದರು. ಆ ಪದ್ಧತಿ ನಂಬಲರ್ಹವಲ್ಲವೆಂದು ತೋರಿಸಿ ಕ್ಯಾಮೆರಾ ಮತ್ತು ಸಂಖ್ಯಾಶಾಸ್ತ್ರದ ವಿಧಾನವನ್ನು ಭಾರತದಲ್ಲಿ ನೆಲೆಗೊಳಿಸಿದವರಲ್ಲಿ ನಾಗರಹೊಳೆಯಲ್ಲಿ ಕೆಲಸ ಮಾಡಿದ ಉಲ್ಲಾಸ ಕಾರಂತರು ಪ್ರಮುಖರು. 2022ರ ಸಮೀಕ್ಷೆಯಲ್ಲಿ 3,080 ಹುಲಿಗಳು ಒಂದೊಂದಾಗಿ ಕ್ಯಾಮೆರಾಕ್ಕೆ ಸಿಕ್ಕಿವೆ. 3,682 ಎಂಬುದು ಸಿಗದೆ ಉಳಿದವುಗಳ ಅಂದಾಜನ್ನೂ ಸೇರಿಸಿದ ಸರಾಸರಿ. ಆದ್ದರಿಂದ ಅದನ್ನು ಜನಗಣತಿಯಂತೆ ತಲೆ ಎಣಿಸಿದ ಲೆಕ್ಕವೆಂದು ಓದಬಾರದು.

ದೇಶದಲ್ಲಿ ಹುಲಿಗಿಂತ ಚಿರತೆಗಳೇ ನಾಲ್ಕು ಪಟ್ಟು ಇರುವಾಗ ಅವುಗಳ ಬಗ್ಗೆ ಚಿಂತೆ ಏಕೆ?

2022ರ ಅಂದಾಜು 13,874 ಚಿರತೆಗಳು; ಕರ್ನಾಟಕದಲ್ಲಿ 1,879. ಮಧ್ಯಪ್ರದೇಶ ಮತ್ತು ಮಹಾರಾಷ್ಟ್ರಗಳ ನಂತರ ನಾವು ಮೂರನೆಯವರು. ಸಂಖ್ಯೆ ದೊಡ್ಡದು ಎನಿಸುತ್ತದೆ. ಆದರೆ 2018ರಲ್ಲಿ 12,852 ಇದ್ದದ್ದನ್ನು ನೆನೆದರೆ ಏರಿಕೆ ಹುಲಿಯಷ್ಟು ವೇಗದ್ದಲ್ಲ. ಈ ಅಂದಾಜು ಮುಖ್ಯವಾಗಿ ಹುಲಿಗಳಿರುವ ರಾಜ್ಯಗಳ ಕಾಡುಗಳಿಗೆ ಸೀಮಿತವಾದದ್ದು. ಕಬ್ಬಿನ ಗದ್ದೆಯಲ್ಲಿ, ಕಲ್ಲುಗುಡ್ಡದಲ್ಲಿ, ಊರ ಹೊರಗಿನ ಹಳ್ಳದಲ್ಲಿ ಬದುಕುವ ಚಿರತೆಗಳು ಅದರಲ್ಲಿ ಬಹುಮಟ್ಟಿಗೆ ಸೇರಿಲ್ಲ, ಅಂದರೆ ನಮ್ಮ ಭಾಗದ ಚಿರತೆಗಳ ಬದುಕು-ಸಾವು ಆ ಲೆಕ್ಕದ ಆಚೆಗೇ ನಡೆಯುತ್ತದೆ.

ಹುಲಿಗೆ ಸಂರಕ್ಷಿತ ಪ್ರದೇಶವಿದೆ, ಪ್ರಾಧಿಕಾರವಿದೆ, ಹಣವಿದೆ, ಪ್ರವಾಸಿಗರಿದ್ದಾರೆ. ಚಿರತೆಗೆ ಇರುವುದು ಕಾನೂನಿನ ಹೆಸರು ಮಾತ್ರ. ಹಂದಿಗೆಂದು ಬೇಲಿಗೆ ಕಟ್ಟಿದ ಉರುಳಿಗೆ ಅದು ಸಿಕ್ಕಿಬೀಳುತ್ತದೆ, ಹೆದ್ದಾರಿ ದಾಟುವಾಗ ಸಾಯುತ್ತದೆ, ಕಟ್ಟೆಯಿಲ್ಲದ ತೆರೆದ ಬಾವಿಗೆ ಬೀಳುತ್ತದೆ. ಬ್ರೇಕ್ ತಂತಿಯ ಒಂದು ಉರುಳು ಸೊಂಟಕ್ಕೆ ಬಿಗಿದರೆ, ಪ್ರಾಣಿ ಎಳೆದಷ್ಟೂ ತಂತಿ ಚರ್ಮವನ್ನು ಕೊಯ್ಯುತ್ತ ಒಳಗಿಳಿಯುತ್ತದೆ. ಅರಿವಳಿಕೆ ಕೊಟ್ಟು ಬಿಡಿಸಿದರೂ ಒಳಗಿನ ಅಂಗಗಳಿಗಾದ ಪೆಟ್ಟಿನಿಂದ ನಾಲ್ಕಾರು ದಿನಗಳಲ್ಲಿ ಸಾಯುವುದುಂಟು. 2016ರಲ್ಲಿ ಐಯುಸಿಎನ್ ಚಿರತೆಯನ್ನು ಅಪಾಯದ ಸಮೀಪದ ವರ್ಗದಿಂದ ದುರ್ಬಲ ವರ್ಗಕ್ಕೆ ಇಳಿಸಿತು. ಎಲ್ಲೆಡೆ ಇದೆ ಎಂಬ ಕಾರಣಕ್ಕೇ ಯಾರ ಲೆಕ್ಕಕ್ಕೂ ಸಿಗದೆ ಕಡಿಮೆಯಾಗುವ ಪ್ರಾಣಿ ಇದು ಎಂಬುದು ಈ ಬರಹಗಾರನ ಅಭಿಪ್ರಾಯ.

ಗಿರ್ ಸಿಂಹಗಳ ಸ್ಥಿತಿ ಈಗ ಹೇಗಿದೆ?

ಸಂಖ್ಯೆಯ ದೃಷ್ಟಿಯಿಂದ ಚೆನ್ನಾಗಿದೆ: 2020ರಲ್ಲಿ 674, 2025ರಲ್ಲಿ 891. ಜುನಾಗಢದ ನವಾಬರು ಬೇಟೆಗೆ ತಡೆ ಹಾಕಿದ್ದರಿಂದ ಉಳಿದುಕೊಂಡ ಕೆಲವೇ ಸಿಂಹಗಳ ಸಂತತಿ ಇಷ್ಟಕ್ಕೆ ಬೆಳೆದದ್ದು ದೊಡ್ಡ ಸಾಧನೆಯೇ. ತೊಂದರೆಯೆಂದರೆ, ಆಫ್ರಿಕದ ಹೊರಗೆ ಕಾಡಿನಲ್ಲಿರುವ ಎಲ್ಲ ಸಿಂಹಗಳೂ ಗುಜರಾತಿನ ಒಂದೇ ಭಾಗದಲ್ಲಿವೆ, ಹಾಗೂ ಹತ್ತಿರದ ರಕ್ತಸಂಬಂಧಿಗಳಾದ್ದರಿಂದ ರೋಗಕ್ಕೆ ಬೇಗ ತುತ್ತಾಗಬಹುದು. 2018ರ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಗಿರ್‌ನ ಒಂದೇ ವಲಯದಲ್ಲಿ 23 ಸಿಂಹಗಳು ಸತ್ತಾಗ, ಅವುಗಳಲ್ಲಿ ಹಲವಕ್ಕೆ ನಾಯಿಗಳಿಗೆ ಬರುವ ಡಿಸ್ಟೆಂಪರ್ ವೈರಾಣು ತಗುಲಿದ್ದು ಪತ್ತೆಯಾಯಿತು. ಕೆಲವು ಸಿಂಹಗಳನ್ನು ಮಧ್ಯಪ್ರದೇಶದ ಕುನೋಗೆ ಸ್ಥಳಾಂತರಿಸಬೇಕೆಂದು ಸುಪ್ರೀಂ ಕೋರ್ಟ್ 2013ರಲ್ಲಿಯೇ ಹೇಳಿತ್ತು. ಅದು ನಡೆಯಲಿಲ್ಲ, ಅದೇ ಕುನೋಗೆ ಮುಂದೆ ಚೀತಾಗಳು ಬಂದವು.

ಹಿಮ ಚಿರತೆಗಳು ಎಷ್ಟಿವೆ?

2019ರಿಂದ 2023ರವರೆಗೆ ನಡೆದ ಮೊದಲ ರಾಷ್ಟ್ರೀಯ ಸಮೀಕ್ಷೆಯಲ್ಲಿ 718 ಎಂಬ ಅಂದಾಜು ಸಿಕ್ಕಿತು. ಅದರಲ್ಲಿ 477 ಲಡಾಖ್ ಒಂದರಲ್ಲೇ ಇವೆ. ಇದರ ಕೆಂಪು ಪಟ್ಟಿಯ ಸ್ಥಾನವನ್ನು 2017ರಲ್ಲಿ ಅಪಾಯದಂಚಿನಿಂದ ದುರ್ಬಲಕ್ಕೆ ಬದಲಿಸಲಾಯಿತು, ಅದಕ್ಕೆ ಹಲವು ತಜ್ಞರ ವಿರೋಧವೂ ಇತ್ತು.

ರಾಣೆಬೆನ್ನೂರಿನಲ್ಲಿ ಚಿಗರಿಗಳಿವೆ. ಅಲ್ಲಿಗೆ ಚೀತಾ ತಂದು ಬಿಡಬಹುದಲ್ಲ?

ಪ್ರಶ್ನೆಯಲ್ಲಿ ತರ್ಕವಿದೆ. ಚೀತಾ ದಖನ್ನಿನ ಹುಲ್ಲುಗಾವಲುಗಳಲ್ಲಿಯೂ ಇದ್ದ ಪ್ರಾಣಿ, ಚಿಗರಿ ಅದರ ಮೆಚ್ಚಿನ ಬೇಟೆ. ಭಾರತದ ಕೊನೆಯ ಚೀತಾಗಳೆಂದು ದಾಖಲಾದ ಮೂರನ್ನು 1947ರಲ್ಲಿ ಮಧ್ಯ ಭಾರತದ ಕೊರಿಯಾ ಸಂಸ್ಥಾನದ ಅರಸ ಬೇಟೆಯಾಡಿದ. 1952ರಲ್ಲಿ ಚೀತಾ ದೇಶದಿಂದ ಅಳಿದಿದೆಯೆಂದು ಸರ್ಕಾರ ಘೋಷಿಸಿತು. ನಂತರ 2022ರ ಸೆಪ್ಟೆಂಬರ್ 17ರಂದು ನಮೀಬಿಯಾದಿಂದ 8, 2023ರ ಫೆಬ್ರುವರಿಯಲ್ಲಿ ದಕ್ಷಿಣ ಆಫ್ರಿಕಾದಿಂದ 12 ಚೀತಾಗಳನ್ನು ಕುನೋಗೆ ತರಲಾಯಿತು. ಹಲವು ಸತ್ತವು, ಮರಿಗಳೂ ಹುಟ್ಟಿವೆ. ಪ್ರಯೋಗ ಗೆದ್ದಿದೆ ಎನ್ನಲು ಇನ್ನೂ ಕಾಲ ಬೇಕು.

ಆದರೆ ಜಾಗದ ಲೆಕ್ಕ ಹಾಕಿ ನೋಡಿ. 748 ಚದರ ಕಿಲೋಮೀಟರಿನ ಕುನೋ ರಾಷ್ಟ್ರೀಯ ಉದ್ಯಾನವೇ ಸಾಲದೆ ಚೀತಾಗಳು ಪಕ್ಕದ ಜಿಲ್ಲೆಗಳವರೆಗೆ ಅಲೆದಿವೆ. 1974ರಲ್ಲಿ ಘೋಷಣೆಯಾದ ರಾಣೆಬೆನ್ನೂರು ಕೃಷ್ಣಮೃಗ ಅಭಯಾರಣ್ಯದ ವಿಸ್ತೀರ್ಣ 119 ಚದರ ಕಿಲೋಮೀಟರ್, ಅದರಲ್ಲೂ ಬಹುಭಾಗ ನೀಲಗಿರಿ ನೆಡುತೋಪು. ಸುತ್ತಲೂ ಗೋವಿನಜೋಳ, ಹತ್ತಿಯ ಹೊಲಗಳು. ಅಲ್ಲಿ ಮೊದಲು ಆಗಬೇಕಾದದ್ದು ಹುಲ್ಲುಗಾವಲನ್ನು ಹುಲ್ಲುಗಾವಲಾಗಿ ಉಳಿಸುವ ಕೆಲಸ. ಅವಳಿ ನಗರದ ಬಸ್ಸಿಗೆ ಚಿಗರಿಯ ಹೆಸರಿಟ್ಟಿದ್ದೇವೆ. ಚಿಗರಿಯ ಬಯಲಿಗೆ ಅಷ್ಟು ಗಮನ ಸಿಕ್ಕಿಲ್ಲ.

ನಮ್ಮ ಮೂರು ಜಿಲ್ಲೆಗಳಲ್ಲಿ ಯಾವ ದೊಡ್ಡ ಬೆಕ್ಕುಗಳಿವೆ?

ಚಿರತೆ ಮೂರರಲ್ಲೂ ಇದೆ. ಹುಲಿಯ ನೆಲೆ ಪಶ್ಚಿಮಕ್ಕೆ, ದಾಂಡೇಲಿ-ಜೊಯಿಡಾ ಸೀಮೆಯ ಕಾಳಿ ಹುಲಿ ಸಂರಕ್ಷಿತ ಪ್ರದೇಶದಲ್ಲಿದೆ. ಅಲ್ಲಿಂದ ಉತ್ತರಕ್ಕೆ ಭೀಮಗಡ, ಗೋವಾದ ಮಹದಾಯಿ ಕಾಡುಗಳವರೆಗೆ ಹುಲಿ ಓಡಾಡುವ ಹಾದಿಯಿದೆ. ಕಲಘಟಗಿ ತಾಲೂಕಿನ ಕಾಡುಗಳು ಈ ಹಸಿರು ಪಟ್ಟಿಯ ಅಂಚು. ದಶಕಗಳಿಂದ ಚರ್ಚೆಯಲ್ಲಿರುವ ಹುಬ್ಬಳ್ಳಿ-ಅಂಕೋಲಾ ರೈಲು ಮಾರ್ಗಕ್ಕೆ ವನ್ಯಜೀವಿ ತಜ್ಞರು ಆಕ್ಷೇಪ ಎತ್ತುತ್ತಿರುವುದು ಆ ಮಾರ್ಗ ಉತ್ತರ ಕನ್ನಡದ ಇಂಥ ಕಾಡುಗಳನ್ನೇ ಸೀಳಿಕೊಂಡು ಹೋಗುತ್ತದೆಂಬ ಕಾರಣಕ್ಕೆ.

ಗದಗಿನ ಕಪ್ಪತಗುಡ್ಡದ ಕಥೆ ಬೇರೆ. ಔಷಧಿ ಸಸ್ಯಗಳಿಗೆ ಹೆಸರಾದ ಈ ಗುಡ್ಡಸಾಲಿನಲ್ಲಿ ಚಿರತೆಯ ಜೊತೆ ತೋಳ, ಕತ್ತೆಕಿರುಬಗಳೂ ಇವೆ. ಇಲ್ಲಿನ ಸಂರಕ್ಷಿತ ಮೀಸಲು ಸ್ಥಾನವನ್ನು ಸರ್ಕಾರ ಹಿಂತೆಗೆದುಕೊಂಡಾಗ ಗಣಿಗಾರಿಕೆಯ ಭೀತಿ ಎದ್ದು, ತೋಂಟದ ಸಿದ್ಧಲಿಂಗ ಸ್ವಾಮಿಗಳ ಮುಂದಾಳುತನದಲ್ಲಿ ಗದಗಿನ ಜನ ಬೀದಿಗಿಳಿದರು. 2017ರಲ್ಲಿ ಆ ಸ್ಥಾನ ಮರಳಿತು. 2019ರಲ್ಲಿ ಸುಮಾರು 244 ಚದರ ಕಿಲೋಮೀಟರ್ ಪ್ರದೇಶ ವನ್ಯಜೀವಿಧಾಮವಾಯಿತು. ಹುಲಿ-ಆನೆಗಳಿಲ್ಲದ ಒಣ ಗುಡ್ಡಕ್ಕೆ ಜನರೇ ಒತ್ತಾಯಿಸಿ ಇಂಥ ರಕ್ಷಣೆ ಪಡೆದದ್ದು ಅಪರೂಪದ ಸಂಗತಿ.

ಹೊಲದಲ್ಲಿ ಕಂಡ ಹೆಜ್ಜೆ ಚಿರತೆಯದೋ ನಾಯಿಯದೋ ಎಂದು ತಿಳಿಯುವುದು ಹೇಗೆ?

ಮೊದಲು ಉಗುರು ನೋಡಿ. ಬೆಕ್ಕಿನ ಬಳಗದ ಪ್ರಾಣಿಗಳು ನಡೆಯುವಾಗ ಉಗುರನ್ನು ಒಳಗೆ ಎಳೆದುಕೊಳ್ಳುವುದರಿಂದ ಗುರುತು ಬೀಳುವುದಿಲ್ಲ (ಚೀತಾ ಇದಕ್ಕೆ ಹೊರತು). ನಾಯಿ, ತೋಳ, ಕತ್ತೆಕಿರುಬಗಳ ಹೆಜ್ಜೆಯ ಮುಂದೆ ಉಗುರಿನ ಚುಚ್ಚು ಸ್ಪಷ್ಟವಾಗಿರುತ್ತದೆ. ಆಮೇಲೆ ಅಂಗಾಲಿನ ಮೆತ್ತೆಯ ಹಿಂಬದಿ ನೋಡಿ: ಚಿರತೆಯದರಲ್ಲಿ ಮೂರು ಉಬ್ಬುಗಳು ಕಾಣುತ್ತವೆ. ಒಟ್ಟು ಹೆಜ್ಜೆ ದುಂಡಗಿದ್ದು ಅಗಲ ಸುಮಾರು ಏಳೆಂಟು ಸೆಂಟಿಮೀಟರ್ ಇರುತ್ತದೆ, ಹುಲಿಯದು ಇದಕ್ಕಿಂತ ಬಹಳ ದೊಡ್ಡದು. ಮುಂಗಾಲು ಹಿಂಗಾಲಿಗಿಂತ ಎದ್ದುಕಾಣುವಷ್ಟು ದೊಡ್ಡದಾಗಿದ್ದು ಉಗುರಿನ ಗುರುತೂ ಇದ್ದರೆ ಅದು ಕತ್ತೆಕಿರುಬ. ನಮ್ಮ ಎರಿ ಮಣ್ಣಿನಲ್ಲಿ ಒಂದು ಎಚ್ಚರ ಬೇಕು. ಮಳೆಯಾದ ಮೇಲೆ ಮಣ್ಣು ಪಾದಕ್ಕೆ ಅಂಟಿಕೊಂಡು ಮೇಲೇಳುವುದರಿಂದ ಹೆಜ್ಜೆ ಇರುವುದಕ್ಕಿಂತ ಅಗಲವಾಗಿ ಮೂಡುತ್ತದೆ. ಊರ ನಾಯಿಯ ಹೆಜ್ಜೆಯೇ ಹುಲಿಯದಾಗಿ ವಾಟ್ಸ್ಆ್ಯಪ್‌ನಲ್ಲಿ ಓಡಾಡುವುದು ಸಾಮಾನ್ಯವಾಗಿ ಇಂಥ ದಿನಗಳಲ್ಲೇ. ಚಿತ್ರ ತೆಗೆಯುವಾಗ ಪಕ್ಕದಲ್ಲಿ ಅಳತೆಪಟ್ಟಿ ಅಥವಾ ಬೆಂಕಿಪೆಟ್ಟಿಗೆ ಇಟ್ಟರೆ ಅರಣ್ಯ ಸಿಬ್ಬಂದಿಗೆ ಗಾತ್ರ ತಿಳಿಯುತ್ತದೆ.

ಚಿರತೆ ಊರ ಹತ್ತಿರ ಕಂಡರೆ ಹಿಡಿದು ದೂರದ ಕಾಡಿಗೆ ಬಿಡುವುದೇ ಒಳ್ಳೆಯದಲ್ಲವೇ?

2021ರ ಸೆಪ್ಟೆಂಬರಿನಲ್ಲಿ ಹುಬ್ಬಳ್ಳಿಯ ನೃಪತುಂಗ ಬೆಟ್ಟದ ಸುತ್ತ ಚಿರತೆ ಕಾಣಿಸಿಕೊಂಡು ಅಲ್ಲಿನ ಶಾಲೆಗಳಿಗೆ ರಜೆ ಕೊಡಬೇಕಾದಾಗ, ಅದೇ ದಿನಗಳಲ್ಲಿ ಧಾರವಾಡದ ಬಳಿಯ ಕವಲಗೇರಿಯಲ್ಲಿ ಚಿರತೆಯೊಂದು ಬೋನಿಗೆ ಬಿದ್ದಾಗ, ಎಲ್ಲರ ಬಾಯಲ್ಲೂ ಇದೇ ಮಾತಿತ್ತು. ಜನವಸತಿಯ ನಡುವೆ ಸಿಕ್ಕಿಕೊಂಡ ಪ್ರಾಣಿಯನ್ನು ಹಿಡಿಯದೆ ಗತ್ಯಂತರವಿಲ್ಲ. ಆದರೆ ಹೊಲದ ಬದಿಯಲ್ಲಿ ಒಮ್ಮೆ ಕಂಡಿತೆಂದು ಹಿಡಿಸುವುದು ಜಾಣತನವಲ್ಲ. ಮಹಾರಾಷ್ಟ್ರದ ಜುನ್ನರಿನಲ್ಲಿ ಹೀಗೆ ಚಿರತೆಗಳನ್ನು ಹಿಡಿದು ಬೇರೆಡೆ ಬಿಟ್ಟ ಮೇಲೆ, ಬಿಟ್ಟ ಜಾಗಗಳ ಸುತ್ತ ಮನುಷ್ಯರ ಮೇಲಿನ ದಾಳಿಗಳು ಹೆಚ್ಚಾದವೆಂದು ವಿದ್ಯಾ ಅತ್ರೇಯ ಮತ್ತು ಸಂಗಡಿಗರ ಅಧ್ಯಯನ ತೋರಿಸಿದೆ. ಗೊತ್ತಿಲ್ಲದ ಸೀಮೆಯಲ್ಲಿ ಬಿದ್ದ ಪ್ರಾಣಿ ಗಾಬರಿಯಿಂದ ಅಲೆಯುತ್ತದೆ, ಹಳೆಯ ಜಾಗಕ್ಕೆ ಮರಳಲು ಹವಣಿಸುತ್ತದೆ. ಖಾಲಿಯಾದ ಜಾಗಕ್ಕೆ ಇನ್ನೊಂದು ಚಿರತೆ ಬರುತ್ತದೆ.

ಚಿರತೆಯನ್ನು ಊರಿನತ್ತ ಸೆಳೆಯುವುದು ಬೀದಿನಾಯಿ, ಹಂದಿ ಮತ್ತು ಅವು ಮೇಯುವ ಕಸದ ರಾಶಿ. ಅದನ್ನು ತೆಗೆಸಿ, ರಾತ್ರಿ ಹೊಲಕ್ಕೆ ನೀರು ಹಾಯಿಸಲು ಹೋಗುವಾಗ ಬ್ಯಾಟರಿ ಹಿಡಿದು, ಮಾತಾಡುತ್ತ ನಡೆಯುವುದು ಬೋನಿಗಿಂತ ಹೆಚ್ಚು ಕೆಲಸ ಮಾಡುತ್ತದೆ. ಕಂಡಾಗ ಓಡಬಾರದು, ಬಗ್ಗಬಾರದು, ಗುಂಪುಗಟ್ಟಿ ಬೆನ್ನಟ್ಟಬಾರದು. ಗಾಯಗೊಂಡವರ ವಿವರ ನೋಡಿದರೆ ಹಲವರು ಸುತ್ತುವರಿದ ಗುಂಪಿನಲ್ಲಿದ್ದವರೇ ಆಗಿರುತ್ತಾರೆ. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಬಹುದು.

ಕುರಿ ಅಥವಾ ದನ ಸತ್ತರೆ ಪರಿಹಾರ ಸಿಗುತ್ತದೆಯೇ?

ಸಿಗುತ್ತದೆ, ಆದರೆ ಕಳೇಬರವನ್ನು ಅಲ್ಲಾಡಿಸದೆ ಕೂಡಲೇ ವಲಯ ಅರಣ್ಯಾಧಿಕಾರಿಯ ಕಚೇರಿಗೆ ತಿಳಿಸಬೇಕು. ಸಿಬ್ಬಂದಿ ಬಂದು ಪಂಚನಾಮೆ ಮಾಡುತ್ತಾರೆ, ಪಶುವೈದ್ಯರು ಮರಣೋತ್ತರ ಪರೀಕ್ಷೆ ನಡೆಸುತ್ತಾರೆ. ಕತ್ತಿನಲ್ಲಿ ಕೋರೆಹಲ್ಲಿನ ತೂತುಗಳಿದ್ದರೆ ದೊಡ್ಡ ಬೆಕ್ಕಿನ ಬೇಟೆಯೆಂದು ಊಹಿಸಬಹುದು. ಹಿಂಬದಿಯ ತೊಡೆ, ಹೊಟ್ಟೆ ಹರಿದು ಚೆಲ್ಲಾಪಿಲ್ಲಿಯಾಗಿದ್ದರೆ ನಾಯಿಗಳ ಗುಂಪಿನ ಕೆಲಸವಿರಬಹುದು. ಸಿಟ್ಟಿನಿಂದ ಕಳೇಬರಕ್ಕೆ ವಿಷ ಹಾಕಿದರೆ ಪರಿಹಾರ ಹೋಗಿ ಮೊಕದ್ದಮೆ ಬರುತ್ತದೆ. ಕುರಿಗಾಹಿಗಳಿಗೆ ಹೇಳಬೇಕಾದದ್ದು ಇಷ್ಟೇ: ರಾತ್ರಿ ದೊಡ್ಡಿಗೆ ಮೇಲ್ಭಾಗವೂ ಮುಚ್ಚಿರಲಿ. ಆಳೆತ್ತರದ ಗೋಡೆ ಚಿರತೆಗೆ ತಡೆಯೇ ಅಲ್ಲ.

ಅಜ್ಜನ ಕಾಲದ ಹುಲಿ ಉಗುರು ಮನೆಯಲ್ಲಿದೆ. ಇಟ್ಟುಕೊಳ್ಳಬಹುದೇ?

ಮುಖ್ಯ ವನ್ಯಜೀವಿ ಪರಿಪಾಲಕರು ಕೊಟ್ಟ ಮಾಲೀಕತ್ವದ ಪ್ರಮಾಣಪತ್ರ ಇದ್ದರೆ ಮಾತ್ರ. ಹಿರಿಯರಿಂದ ಬಂದದ್ದೆಂಬ ಕಾರಣ ಕಾನೂನಿಗೆ ಸಾಲದು. ಹುಲಿ, ಸಿಂಹ, ಚಿರತೆ, ಹಿಮ ಚಿರತೆ, ಚೀತಾ ಎಲ್ಲವೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿರುವುದರಿಂದ ಅಪರಾಧ ಸಾಬೀತಾದರೆ ಕನಿಷ್ಠ ಮೂರು ವರ್ಷ, ಗರಿಷ್ಠ ಏಳು ವರ್ಷ ಸೆರೆವಾಸ ಮತ್ತು 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡವಿದೆ. 2023ರ ಅಕ್ಟೋಬರಿನಲ್ಲಿ ಕನ್ನಡದ ರಿಯಾಲಿಟಿ ಶೋ ಒಂದರ ಸ್ಪರ್ಧಿಯನ್ನು ಹುಲಿ ಉಗುರಿನ ಪದಕ ಧರಿಸಿದ್ದಕ್ಕಾಗಿ ಬಂಧಿಸಿದ ಮೇಲೆ, ಕೊರಳಲ್ಲಿದ್ದ ಎಷ್ಟೋ ಪದಕಗಳು ಪೆಟ್ಟಿಗೆ ಸೇರಿದವು. ಅವುಗಳಲ್ಲಿ ಬಹಳಷ್ಟು ದನದ ಕೊಂಬಿನಿಂದಲೋ ಪ್ಲಾಸ್ಟಿಕ್‌ನಿಂದಲೋ ಮಾಡಿದ ನಕಲಿಗಳಿರಬಹುದು. ಅಸಲಿಯೋ ನಕಲಿಯೋ ತಿಳಿಯದಿದ್ದರೆ ಮಾರಲು, ಇನ್ನೊಬ್ಬರಿಗೆ ಕೊಡಲು ಹೋಗದೆ ವಕೀಲರ ಸಲಹೆ ಪಡೆದು ಅರಣ್ಯ ಇಲಾಖೆಗೆ ಒಪ್ಪಿಸುವುದು ಸರಿಯಾದ ದಾರಿ.